ಮಗು ಪೆಟ್ಟು ತಿಂದು ಬಂದರೆ ಮೊದಲು ಮನೆ ಕಡೆ ನೋಡಬೇಕಾ?

ಪರ: ಹೌದು, ಮನೆಯಿಂದಲೇ ಶುರು ಮಾಡಿ

ಶಿರಸಿ ಹತ್ತಿರದ ನಮ್ಮೂರಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ಅಂಗಿಯ ಗುಂಡಿ ಕಿತ್ತ ಜಾಗದಲ್ಲಿ ಸೇಫ್ಟಿ ಪಿನ್ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಒಂದಲ್ಲ, ಮೂರು ಪಿನ್ನು. ಬಟ್ಟೆ ಒಗೆಯುವಾಗ ಬೆರಳಿಗೆ ಚುಚ್ಚಿತು ಅಂತ ಅವನ ಆಯಿ ಕೇಳಿದರೆ "ಎಂತ ಇಲ್ಲೆ" ಅಂದುಬಿಟ್ಟ. ದೊಡ್ಡ ಹುಡುಗರು ದಿನಾ ಕಾಲರ್ ಹಿಡಿದು ಎಳೆಯುತ್ತಿದ್ದರು ಅಂತ ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಯಾಕೆ ಹೇಳಲಿಲ್ಲ? ಅವನ ಅಪ್ಪ ಯಾವ ದೂರು ಬಂದರೂ ಮೊದಲು ಕೇಳುವುದು "ನೀ ಎಂತ ಮಾಡಿದ್ದೆ?" ಅಂತ, ಅದರ ಬೆನ್ನಿಗೇ ಒಂದು ಏಟು. ಹೇಳಿದರೆ ಎರಡು ಕಡೆ ಪೆಟ್ಟು, ಹೇಳದಿದ್ದರೆ ಒಂದೇ ಕಡೆ. ಹುಡುಗನ ಲೆಕ್ಕ ಸರಿಯಾಗೇ ಇತ್ತು.

2013ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಸಂಶೋಧಕರು 70 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎರಡು ಲಕ್ಷಕ್ಕೂ ಜಾಸ್ತಿ ಮಕ್ಕಳ ಮಾಹಿತಿ. ಹೊಡೆತ-ಬೈಗುಳದಲ್ಲಿ ಅಥವಾ ಯಾರೂ ಗಮನಿಸದೆ ಬೆಳೆದ ಮಕ್ಕಳು ಬೇರೆ ಮಕ್ಕಳ ಕಾಟಕ್ಕೆ ಸಿಕ್ಕುವುದು ಹೆಚ್ಚು. ಅತಿ ಜೋಪಾನದ ಮಕ್ಕಳೂ ಹಾಗೇ. ಇದನ್ನು ಓದಿದಾಗ ನನಗೆ ಬೇಜಾರಾಯಿತು, ಯಾಕಂದ್ರೆ ನನ್ನ ಮಗಳಿಗೆ ಯಾರಾದರೂ ಹೆಸರು ಕೇಳಿದರೂ ಉತ್ತರ ಕೊಡುವವಳು ನಾನೇ ಆಗಿದ್ದೆ. ಪ್ರೀತಿಯಿಂದಲೇ ಮಾಡಿದ್ದು, ಅಲ್ವಾ? ಆದರೆ "ಬೇಡ, ಬಿಡು" ಅಂತ ಗಟ್ಟಿಯಾಗಿ ಹೇಳುವ ಅಭ್ಯಾಸ ಅವಳಿಗೆ ಎಲ್ಲಿಂದ ಬರಬೇಕು? ಮಾತಾಡಿಕೊಂಡು, ಒಂದು ಕಣ್ಣಿಟ್ಟುಕೊಂಡು ಬೆಳೆಸಿದ ಮನೆಗಳಲ್ಲಿ ಈ ಕಾಟ ಕಡಿಮೆ ಅಂತಲೂ ಅದೇ ಅಧ್ಯಯನ ಹೇಳುತ್ತದೆ.

ವಿರೋಧ: ಪೆಟ್ಟು ಕೊಟ್ಟವರನ್ನು ಬಿಟ್ಟು ಮನೆಯನ್ನು ಯಾಕೆ ಹಿಡಿಯುತ್ತೀರಿ?

ಅದೇ ಅಧ್ಯಯನವನ್ನು ಪೂರ್ತಿ ಓದಿ. ಕಾಟಕ್ಕೆ ಸಿಕ್ಕ ಮಕ್ಕಳಿಗೂ ಬೆಳೆಸಿದ ರೀತಿಗೂ ಅವರು ಕಂಡ ನಂಟು ಸಣ್ಣದು, ಹೆಚ್ಚೆಂದರೆ ಮಧ್ಯಮ. ಮಗು ಪೆಟ್ಟು ತಿಂದ ಮೇಲೆ ಹೆದರಿ ಜೋಪಾನ ಜಾಸ್ತಿ ಮಾಡಿದ ಅಪ್ಪ-ಅಮ್ಮ ಇರುವುದಿಲ್ವಾ? ಯಾವುದು ಮೊದಲು, ಯಾವುದು ಆಮೇಲೆ ಅಂತ ನಂಟು ನೋಡಿ ಹೇಳಲಾಗುವುದಿಲ್ಲ.

ಕಾರವಾರದಲ್ಲಿ ನನಗೆ ಗೊತ್ತಿರುವ ಒಬ್ಬ ತಾಯಿ ಮೀನು ಮಾರುತ್ತಾರೆ. ಬೆಳಗಿನ ಜಾವವೇ ಬುಟ್ಟಿ ತಗೊಂಡು ಹೊರಟರೂ, ಸಂಜೆ ಮಗಳ ಜಡೆ ಬಿಚ್ಚಿ ಬಾಚುತ್ತಾ ಶಾಲೆಯ ಕಥೆಯನ್ನೆಲ್ಲ ಕೇಳುವವರು. ಮಗಳೂ ಏನನ್ನೂ ಮುಚ್ಚಿಡುವುದಿಲ್ಲ. ಆದರೂ ಬಸ್ಸಲ್ಲಿ ಅವಳು ಕೂತ ಕೂಡಲೇ ನಾಲ್ಕು ಹುಡುಗಿಯರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು, ಬ್ಯಾಗನ್ನು ಕಾಲಲ್ಲಿ ತಳ್ಳುತ್ತಿದ್ದರು. ಇದರಲ್ಲಿ ಆ ತಾಯಿ ಬೆಳೆಸಿದ ರೀತಿಯ ತಪ್ಪು ಎಲ್ಲಿದೆ, ಹೇಳಿ. ಮೀನಿನ ವಾಸನೆ ಅಂತ ಮೂಗು ಮುಚ್ಚುವುದನ್ನು ಆ ನಾಲ್ವರಿಗೆ ಕಲಿಸಿದವರನ್ನು ಯಾರೂ ಕೇಳಲಿಲ್ಲ. ಒಂದು ದಿನದ ದುಡಿಮೆ ಬಿಟ್ಟು ಶಾಲೆಗೆ ಹೋದ ತಾಯಿಗೆ ಸಿಕ್ಕ ಉತ್ತರ, "ನಿಮ್ಮ ಮಗಳಿಗೆ ಸ್ವಲ್ಪ ಧೈರ್ಯ ಕಲಿಸಿ."

ಶಾಲೆಯೊಳಗೆ ಮಕ್ಕಳಿಗೆ ಹೊಡೆದು ಶಿಕ್ಷೆ ಕೊಡಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. 1098ಕ್ಕೆ ಫೋನ್ ಮಾಡಿದರೆ ಮಕ್ಕಳ ಸಹಾಯವಾಣಿ ಸಿಗುತ್ತದೆ, ದುಡ್ಡು ಬೇಕಿಲ್ಲ. ಆ ತಾಯಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಕೊನೆಗೆ ಕಾಟ ನಿಂತಿದ್ದು ಬಸ್ಸಿನ ಕಂಡಕ್ಟರಿಂದ. ಅವರೊಂದು ದಿನ ಎಲ್ಲ ನೋಡಿ, ಹುಡುಗಿಯ ಬ್ಯಾಗನ್ನು ತಾವೇ ಎತ್ತಿ ತಮ್ಮ ಸೀಟಿನ ಮೇಲಿಟ್ಟು, ಆ ನಾಲ್ವರ ಮನೆಯವರ ಫೋನ್ ನಂಬರ್ ಕೇಳಿದರು.