ದುಡ್ಡಿನ ಬುದ್ಧಿಮಾತು

ದುಡ್ಡು ಮಾಡುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕಗಳನ್ನು ಮುಖಪುಟ ನೋಡಿಯೇ ಗುರುತು ಹಿಡಿಯಬಹುದು. ಒಂದರ ಮೇಲೊಂದು ಪೇರಿಸಿದ ನಾಣ್ಯಗಳು, ತುದಿಯಲ್ಲಿ ಎರಡೆಲೆಯ ಒಂದು ಚಿಗುರು. ಈಗ ನಾಣ್ಯ ಎಣಿಸುವವರೇ ಕಮ್ಮಿ. ದುಡ್ಡೆಲ್ಲ ಫೋನಿನೊಳಗೇ ಓಡಾಡಿಕೊಂಡಿರುತ್ತದೆ. ಆದರೂ ಆ ಚಿಗುರು ಮಾತ್ರ ಬಾಡಿಲ್ಲ. ಹೆಸರಿನಲ್ಲಿ ಒಂದು ಅಂಕಿ ಇದ್ದೇ ಇರುತ್ತದೆ. ಏಳು ಸೂತ್ರ, ಹತ್ತು ಗುಟ್ಟು, ಇಪ್ಪತ್ತೊಂದು ದಿನ. ವಿಡಿಯೋ ಆದರೆ ಹೇಳುವವರ ಹಿಂದೆ ಒಂದು ಕಾರು ನಿಂತಿರುತ್ತದೆ. ಕಾರು ಅವರದ್ದೇನಾ ಅಂತ ನಾವು ಕೇಳುವ ಹಾಗಿಲ್ಲ.

ನನಗೆ ಇಂಥವನ್ನು ಓದುವ ಚಟ ಇದೆ. ಓದುವಷ್ಟು ಹೊತ್ತು ಮನಸ್ಸಿಗೆ ಬಹಳ ಹಿತ. ಮೂರನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅರ್ಧ ಶ್ರೀಮಂತಿಕೆ ಬಂದೇ ಬಿಟ್ಟಿರುತ್ತದೆ. ಇಷ್ಟು ಓದಿದ್ದರಿಂದ ಧೈರ್ಯವಾಗಿ ಹೇಳಬಲ್ಲೆ, ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ಸಂಬಳ ಬಂದ ಕೂಡಲೇ ಒಂದು ಪಾಲು ಎತ್ತಿಡು. ಬಡ್ಡಿ ಜಾಸ್ತಿ ಇರುವ ಸಾಲ ಮಾಡಬೇಡ. ಬೇಗ ಶುರು ಮಾಡು. ಇರುವುದನ್ನೆಲ್ಲ ಒಂದೇ ಕಡೆ ಹಾಕಬೇಡ. ಕಷ್ಟಕಾಲಕ್ಕೆ ಅಂತ ಕೆಲವು ತಿಂಗಳ ಖರ್ಚು ಬೇರೆ ಇಟ್ಟಿರು. ಇಷ್ಟನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದು, ಕ್ಷೇಮಸಮಾಚಾರಕ್ಕೂ ಜಾಗ ಉಳಿಯುತ್ತದೆ. ಮಿಕ್ಕ ಇನ್ನೂರು ಪುಟದಲ್ಲಿ ಏನಿರುತ್ತದೆ ಅಂದರೆ, ಲೇಖಕರಿಗೆ ಎಲ್ಲೋ ಸಿಕ್ಕಿದ ಒಬ್ಬ ಜಾಣ ಮುದುಕರು, ಬೆಳಗಿನ ಜಾವ ಏಳುವುದರ ಮಹಿಮೆ, ಆಮೇಲೆ ಪುಟಕ್ಕೆ ನಾಲ್ಕು ಸಲ 'ಮೈಂಡ್‌ಸೆಟ್'.

ಹಾಗಂತ ಆ ಕಾರ್ಡನ್ನು ತಾತ್ಸಾರ ಮಾಡುವಂತಿಲ್ಲ. ಮೊದಲನೇ ಸಾಲನ್ನೇ ತೆಗೆದುಕೊಳ್ಳಿ. ತಿಂಗಳ ಕೊನೆಗೆ ಉಳಿದದ್ದನ್ನು ಕೂಡಿಡುತ್ತೇನೆ ಅನ್ನುವವರನ್ನು ಎಲ್ಲರೂ ನೋಡಿದ್ದೇವೆ, ಹಾಗೆ ಉಳಿದದ್ದನ್ನು ನೋಡಿದವರು ಕಮ್ಮಿ. ಖರ್ಚಿಗೆ ಒಂದು ಗುಣ ಇದೆ. ಕಣ್ಣೆದುರು ಎಷ್ಟು ದುಡ್ಡಿರುತ್ತದೋ ಅಷ್ಟಕ್ಕೆ ಸರಿಯಾಗಿ ಅದು ಹಿಗ್ಗುತ್ತದೆ. ಮೊದಲೇ ಒಂದು ಪಾಲು ಕಣ್ಮರೆಯಾದರೆ ಮಿಕ್ಕದ್ದಕ್ಕೆ ಸರಿಯಾಗಿ ಕುಗ್ಗಲೂ ಅದಕ್ಕೆ ಗೊತ್ತು. ಕೂಡುವುದು ಕಳೆಯುವುದು ಏನೂ ಬದಲಾಗಿಲ್ಲ. ಯಾವುದು ಮೊದಲು ಅನ್ನುವುದಷ್ಟೇ ಬದಲಾದದ್ದು. ಒಬ್ಬ ಮನುಷ್ಯ ಇಡೀ ಜನ್ಮಕ್ಕೆ ಈ ಒಂದು ಮಾತು ಕಲಿತರೂ ಪುಸ್ತಕದ ಬೆಲೆ ವಸೂಲಾಯಿತು ಅಂತ ನಾನಂತೂ ಒಪ್ಪುತ್ತೇನೆ.

ಈ ಬುದ್ಧಿಮಾತಿಗೆ ವಯಸ್ಸೂ ಬಹಳ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವರ್ಷಕ್ಕೊಂದು ಪಂಚಾಂಗ ಅಚ್ಚು ಹಾಕುತ್ತಿದ್ದರು. 1758ರ ಪಂಚಾಂಗದ ಮುನ್ನುಡಿಯಲ್ಲಿ ಒಂದು ಹರಾಜಿನ ಕಥೆ ಇದೆ. ಹರಾಜು ಶುರುವಾಗಲು ಇನ್ನೂ ಹೊತ್ತಿದೆ. ಕಾಯುತ್ತಿರುವ ಜನ ತೆರಿಗೆ ಜಾಸ್ತಿಯಾಯಿತು ಅಂತ ಗೊಣಗುತ್ತಿದ್ದಾರೆ. ಅಲ್ಲೇ ಇದ್ದ ಬಿಳಿಕೂದಲಿನ ಮುದುಕರೊಬ್ಬರನ್ನು 'ನೀವೇನಂತೀರಿ' ಅಂತ ಕೇಳುತ್ತಾರೆ. ಅವರು ಎದ್ದು ನಿಂತವರೇ ಗಾದೆಯ ಮೇಲೆ ಗಾದೆ ಹೇಳುತ್ತಾ, ತೆರಿಗೆಗಿಂತ ನಿಮ್ಮ ಸೋಮಾರಿತನವೇ ನಿಮ್ಮ ಹತ್ತಿರ ಜಾಸ್ತಿ ಕಿತ್ತುಕೊಳ್ಳುತ್ತಿದೆ, ಬೇಡದ್ದನ್ನು ಕೊಳ್ಳಬೇಡಿ, ಸಾಲಕ್ಕೆ ಕೈಯೊಡ್ಡಬೇಡಿ ಅಂತ ದೊಡ್ಡ ಭಾಷಣ ಮಾಡುತ್ತಾರೆ. ಎಲ್ಲರೂ ತಲೆದೂಗುತ್ತಾರೆ. ಅಷ್ಟರಲ್ಲಿ ಹರಾಜು ಶುರುವಾಗುತ್ತದೆ. ತಲೆದೂಗಿದವರೆಲ್ಲ ನುಗ್ಗಿ ಸಿಕ್ಕಿದ್ದನ್ನು ಕೊಳ್ಳುತ್ತಾರೆ. ಕಥೆ ಹೇಳುವವನೊಬ್ಬ ಮಾತ್ರ ಹೊಸ ಕೋಟಿಗೆ ಬಟ್ಟೆ ಕೊಳ್ಳುವ ಯೋಚನೆ ಬಿಟ್ಟು, ಹಳೆಯದರಲ್ಲೇ ಇನ್ನಷ್ಟು ದಿನ ತಳ್ಳೋಣ ಅಂತ ಮನೆಗೆ ಹೋಗುತ್ತಾನೆ.

ಇಂಥ ಪುಸ್ತಕಗಳ ಬಗ್ಗೆ ಹೇಳಬೇಕಾದ ಅರ್ಧ ಮಾತು ಆ ಹರಾಜಿನಲ್ಲೇ ಬಂದುಬಿಟ್ಟಿದೆ. ಆಮೇಲೆ ಬಂದವರು ಭಾಷಣವನ್ನು ಇಟ್ಟುಕೊಂಡರು, ಹರಾಜನ್ನು ಬಿಟ್ಟರು. 2014ರಲ್ಲಿ ಮೂವರು ಸಂಶೋಧಕರು ಹಣಕಾಸು ಶಿಕ್ಷಣದ ಬಗ್ಗೆ ನಡೆದ ಸುಮಾರು 200 ಅಧ್ಯಯನಗಳನ್ನು ಒಟ್ಟಿಗೆ ಗುಡ್ಡೆ ಹಾಕಿ ನೋಡಿದರು. ದುಡ್ಡನ್ನು ಒಬ್ಬೊಬ್ಬರು ಒಂದೊಂದು ಥರ ನಿಭಾಯಿಸುತ್ತಾರಲ್ಲ, ಆ ವ್ಯತ್ಯಾಸದಲ್ಲಿ ಇಂಥ ಪಾಠಗಳ ಪಾಲು ಶೇ 0.1 ಮಾತ್ರ ಅಂತ ತೇಲಿತು. ಎಷ್ಟೇ ಗಂಟೆ ಕೇಳಿದ ಪಾಠವಾದರೂ ಇಪ್ಪತ್ತು ತಿಂಗಳಾಗುವ ಹೊತ್ತಿಗೆ ಸವೆದೂ ಹೋಗುತ್ತದಂತೆ. ತಲೆದೂಗುವುದಕ್ಕೂ ಕೈ ಹಿಡಿಯುವುದಕ್ಕೂ ಅಷ್ಟು ದೂರ ಇದೆ.

ಇನ್ನು ಆ ಕೋಷ್ಟಕದ ವಿಷಯ. ಅದಿಲ್ಲದ ಪುಸ್ತಕ ಇಲ್ಲ. ಇಬ್ಬರು ಇರುತ್ತಾರೆ. ಒಬ್ಬ 25ನೇ ವಯಸ್ಸಿಗೆ ಶುರು ಮಾಡಿ ತಿಂಗಳಿಗೆ 100ರಂತೆ ಹತ್ತು ವರ್ಷ ಹಾಕಿ ನಿಲ್ಲಿಸುತ್ತಾನೆ. ಯಾವ ದೇಶದ ದುಡ್ಡಾದರೂ ಸರಿ. ಇನ್ನೊಬ್ಬ 35ಕ್ಕೆ ಎಚ್ಚೆತ್ತು 60ರವರೆಗೂ ಬಿಡದೆ ಹಾಕುತ್ತಾನೆ. ವರ್ಷಕ್ಕೆ ಶೇ 10ರ ಲೆಕ್ಕದಲ್ಲಿ ಚಕ್ರಬಡ್ಡಿ ಹಿಡಿದರೆ, 60ನೇ ವಯಸ್ಸಿಗೆ ಮೊದಲಿನವನ ಹತ್ತಿರ ಸುಮಾರು 2,47,000 ಇರುತ್ತದೆ. ಎರಡನೆಯವನ ಹತ್ತಿರ 1,33,000. ಮೊದಲಿನವನು ಹಾಕಿದ್ದು ಬರೀ 12,000, ಎರಡನೆಯವನು 30,000. ಓದಿದವರಿಗೆಲ್ಲ ಹೊಟ್ಟೆಯೊಳಗೆ ಏನೋ ಆಗುತ್ತದೆ. 35 ದಾಟಿದವರಿಗೆ ಇನ್ನೂ ಜಾಸ್ತಿ.

ಲೆಕ್ಕ ಸುಳ್ಳಲ್ಲ. ನಾನೂ ಹಾಕಿ ನೋಡಿದ್ದೇನೆ. ಆದರೆ ಇದೇ ಲೆಕ್ಕವನ್ನು ಇನ್ನೆರಡು ಸಾಲು ಮುಂದುವರಿಸಿ. ಬಡ್ಡಿ ದುಡ್ಡನ್ನು ಬೆಳೆಸಿದ ಹಾಗೆಯೇ ಹಣದುಬ್ಬರ ಬೆಲೆಯನ್ನೂ ಬೆಳೆಸುತ್ತದೆ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಅಂತ ಗೊತ್ತಾಗುತ್ತದೆ. ಇಟಲಿಯ ಲೂಕಾ ಪಾಚೋಲಿ 1494ರಲ್ಲೇ ತನ್ನ ಗಣಿತದ ಪುಸ್ತಕದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ ಪ್ರತಿ 12 ವರ್ಷಕ್ಕೆ ಎಲ್ಲದರ ಬೆಲೆ ಎರಡರಷ್ಟು. 35 ವರ್ಷದ ನಂತರದ 2,47,000ಕ್ಕೆ ಇವತ್ತಿನ 32,000ಕ್ಕೆ ಸಿಗುವಷ್ಟೇ ಸಾಮಾನು ಸಿಗುತ್ತದೆ. ಅದೂ ಕಮ್ಮಿಯೇನಲ್ಲ. ಆದರೆ ಮುಖಪುಟದ ಚಿಗುರು ಹೇಳಿದ್ದು ಅದನ್ನಲ್ಲ.

ಎರಡನೇ ಸಾಲು ನನಗೆ ಇನ್ನೂ ಮಜಾ ಅನ್ನಿಸಿತು. ದುಡ್ಡು ನೋಡಿಕೊಳ್ಳುವವರು ವರ್ಷಕ್ಕೆ ಶೇ 2 ಶುಲ್ಕ ತೆಗೆದುಕೊಳ್ಳುತ್ತಾರೆ ಅನ್ನಿ. ಎರಡೇ ಅಲ್ವಾ ಅಂತ ಬಿಟ್ಟುಬಿಡುತ್ತೇವೆ. ಹತ್ತರ ಬದಲು ಎಂಟರಂತೆ ಬೆಳೆದರೆ ಆ 2,47,000 ಬಂದು 1,34,000ಕ್ಕೆ ನಿಲ್ಲುತ್ತದೆ. ಅಂದರೆ ಹತ್ತು ವರ್ಷ ಮೊದಲೇ ಶುರು ಮಾಡಿದ ಪುಣ್ಯವೆಲ್ಲ ಆ ಎರಡರಲ್ಲೇ ಕರಗಿ, ತಡವಾಗಿ ಎದ್ದವನ ಪಕ್ಕಕ್ಕೇ ಬಂದು ಕೂತ ಹಾಗಾಯಿತು. ಶುಲ್ಕದ ಬಗ್ಗೆ ಕಟುವಾಗಿ ಬರೆಯುವ ಪುಸ್ತಕಗಳೂ ಇವೆ. ಅವು ಚೆನ್ನಾಗಿಯೂ ಇವೆ. ಬೆಳಗಿನ ಜಾವದ ಅಧ್ಯಾಯಕ್ಕೆ ಸಿಗುವ ಪ್ರಚಾರ ಮಾತ್ರ ಶುಲ್ಕದ ಅಧ್ಯಾಯಕ್ಕೆ ಸಿಕ್ಕಿಲ್ಲ.

ಚಕ್ರಬಡ್ಡಿಯನ್ನು ನಿಜವಾಗಿ 200 ವರ್ಷ ಓಡಿಸಿ ನೋಡಿದವರೂ ಫ್ರಾಂಕ್ಲಿನ್ನರೇ. 1790ರಲ್ಲಿ ತೀರಿಕೊಂಡಾಗ ಬಾಸ್ಟನ್ನಿಗೂ ಫಿಲಡೆಲ್ಫಿಯಾಕ್ಕೂ ತಲಾ 1,000 ಪೌಂಡ್ ಬಿಟ್ಟುಹೋದರು. ಷರತ್ತು ಇಷ್ಟೇ: ಆ ದುಡ್ಡನ್ನು ಕಸುಬು ಕಲಿತ ಯುವಕರಿಗೆ ಶೇ 5ರ ಬಡ್ಡಿಗೆ ಸಾಲ ಕೊಡುತ್ತಾ ಹೋಗಬೇಕು. ನೂರು ವರ್ಷಕ್ಕೆ ಅದು 1,31,000 ಪೌಂಡ್ ಆಗುತ್ತದೆ ಅಂತ ಉಯಿಲಿನಲ್ಲೇ ಲೆಕ್ಕ ಹಾಕಿದ್ದರು. ಎರಡೂ ಊರು ಆ ಅಂಕಿ ಮುಟ್ಟಲಿಲ್ಲ. ಕಾರ್ಖಾನೆಗಳು ಬಂದ ಮೇಲೆ ಒಬ್ಬ ಗುರುವಿನ ಹತ್ತಿರ ಕಸುಬು ಕಲಿಯುವ ಪದ್ಧತಿಯೇ ಸೊರಗಿತು, ಸಾಲ ಕೇಳುವ ಹುಡುಗರೇ ಕಮ್ಮಿಯಾದರು, ತೆಗೆದುಕೊಂಡ ಕೆಲವರು ವಾಪಸು ಕೊಡಲಿಲ್ಲ. 1990ರ ಹೊತ್ತಿಗೆ ಬಾಸ್ಟನ್ನಿನ ಪಾಲು 50 ಲಕ್ಷ ಡಾಲರಿನ ಹತ್ತಿರಕ್ಕೆ ಬಂದಿತ್ತು, ಫಿಲಡೆಲ್ಫಿಯಾದ್ದು 20 ಲಕ್ಷದ ಆಚೀಚೆ. ಕೊಟ್ಟವರು ಒಬ್ಬರೇ, ಮೊತ್ತ ಒಂದೇ, ಕಾಲ ಒಂದೇ. ಆದರೂ ಒಂದು ಇನ್ನೊಂದರ ಎರಡರಷ್ಟು. ಕೋಷ್ಟಕದಲ್ಲಿ ಈ 'ಆದರೂ'ಗೆ ಜಾಗ ಇಲ್ಲ.

ಇಷ್ಟು ಹೇಳಿದ ಮೇಲೆ ಪುಸ್ತಕಗಳ ಪರವಾಗಿಯೂ ಒಂದು ಮಾತು ಆಡಬೇಕು. ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜೇಮ್ಸ್ ಚೋಯ್ 2022ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ಜನಪ್ರಿಯವಾದ 50 ಹಣಕಾಸು ಪುಸ್ತಕ ಓದಿ, ಅವು ಹೇಳುವುದನ್ನು ಅರ್ಥಶಾಸ್ತ್ರದ ಸಿದ್ಧಾಂತದ ಪಕ್ಕಕ್ಕಿಟ್ಟು ನೋಡಿದರು. ಎರಡೂ ಬಹಳ ಕಡೆ ಹೊಂದುವುದಿಲ್ಲ. ಸಿದ್ಧಾಂತದ ಪ್ರಕಾರ ಸಣ್ಣ ವಯಸ್ಸಿನಲ್ಲಿ ಸಂಬಳ ಕಮ್ಮಿ, ಮುಂದೆ ಏರುತ್ತದೆ, ಹಾಗಾಗಿ ಈಗ ಉಳಿಸಲು ಒದ್ದಾಡುವುದೇ ಬೇಡ. ಪುಸ್ತಕಗಳು ಅದನ್ನು ಒಪ್ಪುವುದಿಲ್ಲ, ಸಂಬಳ ಎಷ್ಟೇ ಇರಲಿ ಉಳಿಸುವ ಪಾಲು ಒಂದೇ ಇರಲಿ ಅನ್ನುತ್ತವೆ. ಹಲವು ಸಾಲ ಇದ್ದರೆ ಬಡ್ಡಿ ಜಾಸ್ತಿ ಇರುವುದನ್ನು ಮೊದಲು ತೀರಿಸು ಅನ್ನುವುದು ಲೆಕ್ಕ. ತೀರಾ ಸಣ್ಣ ಸಾಲವನ್ನು ಮೊದಲು ಮುಗಿಸು ಅನ್ನುವ ಪುಸ್ತಕಗಳಿವೆ. ಕಾಗದದ ಮೇಲೆ ಇದು ನಷ್ಟವೇ. ಆದರೆ ಒಂದು ಸಾಲದ ಪುಸ್ತಕ ಪೂರ್ತಿ ಮುಚ್ಚಿದಾಗ ಮನುಷ್ಯನಿಗೆ ಬರುವ ಹುರುಪಿಗೆ ಸಿದ್ಧಾಂತದಲ್ಲಿ ಲೆಕ್ಕವಿಲ್ಲ. 40ರವರೆಗೆ ಒಂದು ಕಾಸೂ ಎತ್ತಿಡದವನು 41ಕ್ಕೆ ಥಟ್ಟನೆ ಸಂಬಳದ ಮೂರನೇ ಒಂದು ಭಾಗ ಎತ್ತಿಡುತ್ತಾನೆ ಅಂತ ನಂಬುವುದು ಪ್ರೊಫೆಸರರಿಗೆ ಮಾತ್ರ ಸಾಧ್ಯ. ಇಲ್ಲಿ ನಾನು ಪುಸ್ತಕದ ಕಡೆ.

ಕಷ್ಟ ಬರುವುದು ಎಲ್ಲಿ ಅಂದರೆ, ಈ ಮಾತುಗಳೆಲ್ಲ ಶುರುವಾಗುವುದೇ ಉಳಿಯುವಷ್ಟು ಬರುತ್ತದೆ ಅನ್ನುವಲ್ಲಿಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಲ್ಲೂ ಹೇಳಿದ್ದಾರೆ. ಹಾಸಿಗೆ ಮೊಣಕಾಲಿನವರೆಗೆ ಮಾತ್ರ ಇದ್ದರೆ ಚಾಚುವ ಪ್ರಶ್ನೆ ಎಲ್ಲಿ ಬಂತು? ಅಂಥವನಿಗೆ ಶಿಸ್ತಿನ ಪಾಠ ಹೇಳುವುದು ಸ್ವಲ್ಪ ಕ್ರೂರವೇ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಟಾವಿಗೆ ಮೊದಲು ಕೈ ಬರಿದಾಗಿದ್ದಾಗ ಒಮ್ಮೆ, ದುಡ್ಡು ಕೈಗೆ ಬಂದ ಮೇಲೆ ಒಮ್ಮೆ, ಅದೇ ರೈತರಿಗೆ ಬುದ್ಧಿಯ ಪರೀಕ್ಷೆ ಕೊಟ್ಟರು. ಕೈ ಬರಿದಾಗಿದ್ದಾಗ ಅವರು ಕಮ್ಮಿ ಅಂಕ ಪಡೆದರು. ತಲೆ ಅದೇ, ಮನುಷ್ಯ ಅವನೇ. ಹೀಗಿರುವಾಗ ಯೋಚನೆ ಸರಿಯಿಲ್ಲದ್ದರಿಂದ ಬಡವನಾದ ಅನ್ನುವ ಮಾತು ಎಷ್ಟು ಸಲ ತಲೆಕೆಳಗಾಗಿದೆಯೋ.

ಬೆಳಗಿನ ಜಾವದ ಮಹಿಮೆಯೂ ಅಷ್ಟೇ. ಐದಕ್ಕೆ ಎದ್ದರೆ ಶ್ರೀಮಂತರಾಗುವುದು ನಿಜವಾದರೆ, ಬೀದಿ ಗುಡಿಸುವವರು ಮತ್ತು ಮನೆ ಮನೆಗೆ ಪೇಪರ್ ಹಾಕುವ ಹುಡುಗರು ಊರಿಗೇ ಸಾಲ ಕೊಡುತ್ತಿರಬೇಕಿತ್ತು.

ಅಕ್ಕನ ಮಗಳು ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. ಮೊದಲ ಸಂಬಳದ ದಿನವೇ ಫೋನಿಗೆ ಒಂದು ಆಪ್ ಹಾಕಿಕೊಂಡು 50-30-20ರ ಸೂತ್ರ ಹಿಡಿದು ಕೂತಳು. ಅಗತ್ಯಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20. ಚಂದದ ಸೂತ್ರ, ನೆನಪಿಡಲು ಸುಲಭ. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದಳು.

"ಮಾವ, ಅಮ್ಮಂಗೆ ಕಳಿಸೋದನ್ನ ಯಾವುದಕ್ಕೆ ಹಾಕ್ಲಿ?"

"ಅಗತ್ಯಕ್ಕೆ ಹಾಕು."

"ಬಾಡಿಗೆ, ಓಡಾಟ, ಮನೆಖರ್ಚಿಗೇ ಐವತ್ತು ದಾಟಿದೆ. ಕೆಂಪು ತೋರಿಸ್ತಿದೆ."

"ಹಾಗಾದ್ರೆ ಆಸೆಗೆ?"

"ಅಮ್ಮ ನೋಡಿದ್ರೆ ಏನಂದ್ಕೋತಾಳೆ!"

ಉಳಿತಾಯ ಅಂತ ಬರೆಯೋಣ ಅಂದರೆ, ಕೊಟ್ಟದ್ದು ವಾಪಸು ಬರುವುದಲ್ಲ. ಮಾತು ನನ್ನ ಅಕ್ಕನದ್ದೇ ಆದ್ದರಿಂದ ನಾನೂ ಜಾಸ್ತಿ ಬಾಯಿ ಹಾಕಲಿಲ್ಲ. ಅಷ್ಟರಲ್ಲಿ ಆಪ್ ತಾನಾಗಿಯೇ ಬುದ್ಧಿ ಹೇಳಿತು, ನಿಮ್ಮ ಆಸೆಗಳನ್ನು ಕಡಿಮೆ ಮಾಡಿ ಅಂತ. ಆಸೆಯ ಖಾನೆಯಲ್ಲಿ ಇದ್ದದ್ದು ಒಂದು ಸಿನಿಮಾ ಟಿಕೆಟ್ ಮತ್ತು ಒಂದು ಜೊತೆ ಚಪ್ಪಲಿ.

ಆಗ ನನಗೆ ಗೊತ್ತಿದ್ದ ಒಂದು ವಿಷಯ ಹೇಳಿದೆ. ರಿಚರ್ಡ್ ಥೇಲರ್ ಮತ್ತು ಶ್ಲೊಮೊ ಬೆನಾರ್ಟ್ಜಿ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಕಂಪನಿಯ ನೌಕರರ ಹತ್ತಿರ ಈಗ ಏನೂ ಕಡಿತ ಬೇಡ ಅಂದರು. ಮುಂದೆ ಸಂಬಳ ಜಾಸ್ತಿಯಾದಾಗಲೆಲ್ಲ ಅದರಲ್ಲಿ ಒಂದು ಪಾಲು ತಾನಾಗಿ ಉಳಿತಾಯಕ್ಕೆ ಹೋಗಲಿ ಅಂತ ಇವತ್ತೇ ಒಪ್ಪಿಗೆ ಕೊಡಿ ಅಂತಷ್ಟೇ ಕೇಳಿದರು. ಒಪ್ಪಿದವರ ಉಳಿತಾಯ ಸಂಬಳದ ಶೇ 3.5ರಿಂದ 40 ತಿಂಗಳಲ್ಲಿ ಶೇ 13.6ಕ್ಕೆ ಏರಿತು. ಯಾರ ಮೈಂಡ್‌ಸೆಟ್ಟನ್ನೂ ಮುಟ್ಟಲಿಲ್ಲ, ಯಾರನ್ನೂ ಐದಕ್ಕೆ ಎಬ್ಬಿಸಲಿಲ್ಲ. ಒಂದು ಸಲ ಸಹಿ, ಆಮೇಲೆ ಮರೆತರೂ ನಡೆಯುತ್ತದೆ. ಕೈಗೆ ಬರುವ ಸಂಬಳ ಯಾವ ತಿಂಗಳೂ ಹಿಂದಿನದಕ್ಕಿಂತ ಇಳಿಯುವುದಿಲ್ಲವಾದ್ದರಿಂದ ಯಾರಿಗೂ ಏನನ್ನೂ ಕಳೆದುಕೊಂಡೆ ಅನ್ನಿಸುವುದಿಲ್ಲ. ನಾನು ಓದಿದ ದುಡ್ಡಿನ ಮಾತುಗಳಲ್ಲಿ ಇಷ್ಟು ಕಮ್ಮಿ ಉಪದೇಶದಲ್ಲಿ ಇಷ್ಟು ಜಾಸ್ತಿ ಕೆಲಸ ಮಾಡಿದ್ದು ಇನ್ನೊಂದಿಲ್ಲ.

ಅವಳು ಪೂರ್ತಿ ಕೇಳಿಸಿಕೊಂಡಳು. "ಚೆನ್ನಾಗಿದೆ ಮಾವ. ಸಂಬಳ ಜಾಸ್ತಿ ಆಗ್ದೇ ಇದ್ರೆ?"

ಅದಕ್ಕೆ ಥೇಲರ್ ಹತ್ತಿರವೂ ಉತ್ತರ ಇಲ್ಲ. ಸದ್ಯಕ್ಕೆ ಅವಳೇ ಆಪಿನಲ್ಲಿ ನಾಲ್ಕನೇ ಖಾನೆ ಮಾಡಿ 'ಮನೆ' ಅಂತ ಹೆಸರಿಟ್ಟಿದ್ದಾಳೆ. ಉಳಿತಾಯವನ್ನು ಇಪ್ಪತ್ತರಿಂದ ಐದಕ್ಕೆ ಇಳಿಸಿಕೊಂಡಿದ್ದಾಳೆ, ಆದರೆ ಆ ಐದು ಸಂಬಳ ಬಿದ್ದ ದಿನವೇ ಬೇರೆ ಖಾತೆಗೆ ಹೋಗುತ್ತದೆ. ಅದು ಹತ್ತಾಗುತ್ತದೋ ಇಲ್ಲವೋ ಅನ್ನುವುದು ಕಂಪನಿಯವರು ಮುಂದಿನ ವರ್ಷ ಕೈಗೆ ಕೊಡುವ ಕಾಗದದಲ್ಲಿ ಏನು ಬರೆದಿರುತ್ತದೆ ಅನ್ನುವುದರ ಮೇಲಿದೆ. ಚಪ್ಪಲಿ ಮಾತ್ರ ತೆಗೆದುಕೊಂಡಳು.