ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಬಿಡುವವರಿಗೂ ಸಲೀಸು

ಫ್ಯಾನ್ ಫಿಕ್ಷನ್ ಏನೆಂದು ಊರಿನಲ್ಲಿ ಹಲವರಿಗೆ ಇನ್ನೂ ಬಿಡಿಸಿ ಹೇಳಬೇಕಾಗುತ್ತದೆ. ಮೆಚ್ಚಿದ ಕಾದಂಬರಿಯ, ಸಿನಿಮಾದ, ಧಾರಾವಾಹಿಯ ಪಾತ್ರಗಳನ್ನು ಎತ್ತಿಕೊಂಡು ಓದುಗರೇ ಮುಂದುವರಿಸಿ ಬರೆಯುವ ಕಥೆಗಳಿವು. ಹೆಚ್ಚಿನವರು ಬರೆಯುವುದು ಪಾತ್ರದ ಮೇಲಿನ ಪ್ರೀತಿಗೆ, ದುಡ್ಡಿಗಲ್ಲ. ಇವುಗಳಲ್ಲಿ ‘ಮೆಚ್ಯೂರ್’, ಅಂದರೆ ವಯಸ್ಕರಿಗೆ, ಎಂಬ ಗುರುತು ಹೊತ್ತ ಕಥೆಗಳ ಮಾತು ತೆಗೆದರೆ ಮಂಗಳೂರಿನಲ್ಲಿ ಎದುರಿನವರು ಮಾತು ತಿರುಗಿಸುತ್ತಾರೆ. ನಾನು ನೆಲೆಸಿರುವ ಟೊರಾಂಟೊದಲ್ಲಿ ಅದೇ ಮಾತು ಕಚೇರಿಯಲ್ಲಿ ಊಟದ ಹೊತ್ತಿಗೆ ಸಲೀಸಾಗಿ ನಡೆಯುತ್ತದೆ. ಒಬ್ಬಳು ಓದುತ್ತೇನೆ ಎನ್ನುತ್ತಾಳೆ, ಇನ್ನೊಬ್ಬಳು ನನಗೆ ಸೇರುವುದಿಲ್ಲ ಎನ್ನುತ್ತಾಳೆ, ಇಬ್ಬರೂ ಕಾಫಿ ಕುಡಿದು ಏಳುತ್ತಾರೆ.

ಅಲ್ಲಿಯವರು ವಿಶಾಲ ಮನಸ್ಸಿನವರು, ನಾವು ಮಡಿವಂತರು ಎಂದು ಷರಾ ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅಲ್ಲಿಯ ಓದುಗರಿಗೆ ಕಥೆ ತೆರೆಯುವ ಮೊದಲೇ ಒಳಗೇನಿದೆ ಎಂದು ಗೊತ್ತಿರುತ್ತದೆ, ನಮ್ಮವರಿಗೆ ಗೊತ್ತಿರುವುದಿಲ್ಲ. ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದು.

2009ರಲ್ಲಿ ತೆರೆದುಕೊಂಡ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಕಥಾ ಭಂಡಾರವನ್ನೇ ನೋಡಿ. ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಸ್ವಯಂಸೇವಕರ ದುಡಿಮೆಯಿಂದ ನಡೆಸುವ ಈ ಭಂಡಾರಕ್ಕೆ 2019ರಲ್ಲಿ ವಿಜ್ಞಾನ ಕಥೆ, ಫ್ಯಾಂಟಸಿ ಲೋಕದ ಹ್ಯೂಗೊ ಪ್ರಶಸ್ತಿ ಬಂತು. ಇಲ್ಲಿ ಪ್ರತಿ ಕಥೆಯ ತಲೆಯಲ್ಲಿ ದರ್ಜೆ ಇರುತ್ತದೆ: ಎಲ್ಲರಿಗೆ, ಹದಿಹರೆಯದವರಿಗೆ ಮತ್ತು ಮೇಲ್ಪಟ್ಟವರಿಗೆ, ಮೆಚ್ಯೂರ್, ಅದಕ್ಕೂ ಮೇಲೆ ಎಲ್ಲವನ್ನೂ ಬಿಚ್ಚಿ ವರ್ಣಿಸುವ ಎಕ್ಸ್‌ಪ್ಲಿಸಿಟ್. ದರ್ಜೆ ಹಾಕದೆ ಬಿಟ್ಟ ಕಥೆಯನ್ನೂ ಭಂಡಾರ ವಯಸ್ಕರ ಕಥೆಯಂತೆಯೇ ಕಂಡು ಎಚ್ಚರಿಕೆ ತೋರಿಸುತ್ತದೆ. ಘೋರ ಹಿಂಸೆ, ಮುಖ್ಯ ಪಾತ್ರದ ಸಾವು ಮುಂತಾದವುಗಳಿಗೆ ಬೇರೆಯೇ ಎಚ್ಚರಿಕೆಗಳಿವೆ. ಅವನ್ನು ಕೊಡಲು ಇಷ್ಟವಿಲ್ಲದಿದ್ದರೆ ‘ಎಚ್ಚರಿಕೆ ಕೊಡುವುದಿಲ್ಲ’ ಎಂಬುದನ್ನಾದರೂ ಲೇಖಕರು ನಮೂದಿಸಬೇಕು. ಈ ನಿಯಮ ನನಗೆ ತುಂಬ ಹಿಡಿಸಿತು. ಹೇಳದಿರುವ ಹಕ್ಕು ಲೇಖಕರಿಗಿದೆ, ಆದರೆ ಹೇಳುತ್ತಿಲ್ಲ ಎಂದು ತಿಳಿಯುವ ಹಕ್ಕು ಓದುಗರಿಗೂ ಇದೆ.

ನಿಷೇಧದ ದಾರಿಯನ್ನೂ ಅಲ್ಲಿಯವರು ನೋಡಿದ್ದಾರೆ. 1998ರಲ್ಲಿ ಶುರುವಾದ ‘ಫ್ಯಾನ್‌ಫಿಕ್ಷನ್ ಡಾಟ್ ನೆಟ್’ 2002ರಲ್ಲಿ ವಯಸ್ಕರ ದರ್ಜೆಯ ಕಥೆಗಳನ್ನು ಹೊರಹಾಕಿತು. ಬರೆಯುವವರು ಬರೆಯುವುದನ್ನು ನಿಲ್ಲಿಸಲಿಲ್ಲ, ಬೇರೆ ನೆಲೆ ಹುಡುಕಿಕೊಂಡರು.

ಇನ್ನು ಊರಿನ ಮಾತು. ನನ್ನ ಅಕ್ಕ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಮಗಳು ಮಣಿಪಾಲದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ಮಗಳು ಇಂಥ ಕಥೆಗಳನ್ನು ಪ್ರೀತಿಯಿಂದ ಓದುತ್ತಾಳೆ, ತಾಯಿ ಮುಟ್ಟುವುದಿಲ್ಲ. ಮಗಳು ನನಗೆ ತೋರಿಸಿದ ಕಥೆಯಲ್ಲಿ ಯುದ್ಧ ಮುಗಿದು ವರ್ಷಗಳಾಗಿವೆ. ನಾಯಕ ರಾತ್ರಿ ಮೂರು ಗಂಟೆಗೆ ಎದ್ದು ಮುಂಬಾಗಿಲ ಚಿಲಕ ಹಾಕಿದೆಯೇ ಎಂದು ನೋಡುತ್ತಾನೆ, ಹಾಸಿಗೆಗೆ ಬರುತ್ತಾನೆ, ಮತ್ತೆ ಎದ್ದು ನೋಡುತ್ತಾನೆ. ಹೆಂಡತಿ ಏನೂ ಕೇಳದೆ ಅಡುಗೆಮನೆಯ ದೀಪ ಹಾಕಿ ಚಹಾಕ್ಕೆ ನೀರಿಡುತ್ತಾಳೆ. ಬದುಕುವುದೇ ಬೇಡ ಅನ್ನಿಸುತ್ತದೆ ಎಂದು ಅವನು ಮೊದಲ ಬಾರಿಗೆ ಬಾಯಿಬಿಡುವುದು ಆ ಮೇಜಿನ ಮುಂದೆ. ಕಥೆಗೆ ಮೆಚ್ಯೂರ್ ಎಂಬ ಗುರುತು ಬಂದಿರುವುದು ಈ ಕಾರಣಕ್ಕೆ. ಪುಟ ಪುಟ ತಿರುವಿದರೂ ಹಾಸಿಗೆಯ ವರ್ಣನೆ ಒಂದು ಸಾಲೂ ಇಲ್ಲ.

“ಚಿಕ್ಕಮ್ಮ, ನಾನು ಹತ್ತು ವರ್ಷದವಳಿದ್ದಾಗ ಇವರ ಕಥೆ ಓದಿದ್ದು. ನಾನು ದೊಡ್ಡವಳಾದೆ. ಇವರು ಮಾತ್ರ ಅಲ್ಲಿಯೇ ನಿಂತುಬಿಡಬೇಕೇ?” ಎಂದು ಅವಳು ಕೇಳಿದಳು. ಅವಳ ಮಾತಿನಲ್ಲಿ ಈ ಓದಿನ ಸೆಳೆತದ ತಿರುಳಿದೆ. ಮೂಲ ಕಥೆ ಗೆಲುವಿನ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ಆಮೇಲಿನ ಸಂಸಾರ, ಬಸಿರು, ಬೇಸರ, ಮೈಯ ಆಸೆ, ಮೈಯ ಭಯ ಯಾವುದೂ ಅಲ್ಲಿರುವುದಿಲ್ಲ. ಪಾತ್ರದ ಪರಿಚಯ ಮೊದಲೇ ಇರುವುದರಿಂದ ಬರೆಯುವವರು ನೇರವಾಗಿ ಗಾಯಕ್ಕೆ ಕೈಹಾಕಬಹುದು. ಈ ಕಥೆಗಳನ್ನು ಬರೆಯುವವರಲ್ಲಿ ಹೆಂಗಸರು ಬಹಳ. ಹೆಣ್ಣಿಗೆ ಏನು ಬೇಕು, ಏನು ಬೇಡ, ಅವಳನ್ನು ಕೇಳಿದರೇ ಎಂಬುದಕ್ಕೆ ಒಳ್ಳೆಯ ಕಥೆಗಳಲ್ಲಿ ಸಿಗುವಷ್ಟು ಜಾಗ ನಮ್ಮ ಧಾರಾವಾಹಿಗಳಲ್ಲಿ ನನಗಂತೂ ಕಂಡಿಲ್ಲ.

ಅಕ್ಕನ ಕಾರಣಗಳನ್ನೂ ಅಷ್ಟೇ ಗೌರವದಿಂದ ಕೇಳಬೇಕು. ಆ ಪಾತ್ರಗಳ ಮೂಲ ಪುಸ್ತಕಗಳನ್ನು ಮಗಳಿಗೆ ಓದಿ ಹೇಳಿದವಳು ಅವಳೇ. “ನನಗೆ ಆ ಮಕ್ಕಳು ಮಕ್ಕಳಾಗಿಯೇ ಇರಲಿ ಮಾರಾಯ್ತಿ. ಹಗಲಿಡೀ ವಾರ್ಡಿನಲ್ಲಿ ನೋವು ನೋಡಿ ಬಂದು ರಾತ್ರಿಯೂ ಅದನ್ನೇ ಓದಬೇಕೇ?” ಎಂದಳು. ಇದನ್ನು ಮಡಿವಂತಿಕೆ ಎಂದು ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಕೆಲವರು ತಾವೇ ಅನುಭವಿಸಿದ ಹಿಂಸೆ ಕಣ್ಣಿಗೆ ಕಟ್ಟುತ್ತದೆಂದು ಬಿಡುತ್ತಾರೆ, ಕೆಲವರು ನಂಬಿಕೆಯ ಕಾರಣಕ್ಕೆ, ಇನ್ನು ಕೆಲವರು ಪ್ರಣಯವೇ ಬೇಸರವೆಂದು. ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರು ಮೊಬೈಲ್ ಇಣುಕುತ್ತಾರೆಂಬ ಅಂಜಿಕೆಗೆ ಬಿಡುವವರೂ ಇದ್ದಾರೆ.

ನಾನೂ ಎರಡು ಬಗೆಯವನ್ನು ಓದುವುದಿಲ್ಲ. ಬದುಕಿರುವ ನಟ ನಟಿಯರನ್ನು ಹೆಸರು ಹಿಡಿದು ಹಾಸಿಗೆಗೆ ಎಳೆಯುವ ಕಥೆ ಒಂದು. ಪಾತ್ರಕ್ಕೆ ಮಾನ ಹೋಗುವುದಿಲ್ಲ, ಮನುಷ್ಯರಿಗೆ ಹೋಗುತ್ತದೆ. ಮತ್ತೊಂದು, ಹೆಸರು ಬಿಟ್ಟರೆ ಪಾತ್ರದ ಲವಲೇಶವೂ ಉಳಿಯದ ಕಥೆ. ಮಿತಭಾಷಿ, ಸಂಕೋಚದ ಹುಡುಗ ಎರಡನೆಯ ಪುಟಕ್ಕೇ ಅಬ್ಬರಿಸುವ ರಸಿಕನಾದರೆ ಅವನು ನಾನು ಬಲ್ಲ ಹುಡುಗನೇ ಅಲ್ಲ. ಮೆಚ್ಯೂರ್ ಕಥೆಗಳಲ್ಲಿ ಬಹುಪಾಲು ಸೋಲುವುದು ಇಲ್ಲಿಯೇ ಎಂಬುದು ನನ್ನ ಅನುಭವ.

ಕರಾವಳಿಯ ಪ್ರೇಕ್ಷಕರಿಗೆ ಈ ವಿವೇಚನೆ ಹೊಸದಲ್ಲ. ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನ ಕಟ್ಟುವ ತಾಳಮದ್ದಳೆಯ ಅರ್ಥಧಾರಿ ಕರ್ಣನನ್ನೋ ವಾಲಿಯನ್ನೋ ಪ್ರತಿ ಕೂಟದಲ್ಲೂ ಹೊಸದಾಗಿ ಕಟ್ಟುತ್ತಾನೆ. ಯಕ್ಷಗಾನದ ಆಟದಲ್ಲಿ ಕೀಚಕ ಸೈರಂಧ್ರಿಯ ಹಿಂದೆ ಬೀಳುವ ಸನ್ನಿವೇಶ ವಯಸ್ಕರ ಸನ್ನಿವೇಶವೇ. ಅದು ಬರುವ ಹೊತ್ತಿಗೆ ಚಿಕ್ಕ ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿರುತ್ತಿದ್ದರು. ಹಿರಿಯರು ಶೃಂಗಾರ ಇದ್ದುದಕ್ಕೆ ಮುನಿಯುತ್ತಿರಲಿಲ್ಲ. ವೇಷಧಾರಿ ಔಚಿತ್ಯ ಮೀರಿದರೆ ಮಾತ್ರ ಬೆಳಗ್ಗೆ ಹೋಟೆಲಿನಲ್ಲಿ ಅವನ ಜಾತಕ ಬಿಚ್ಚುತ್ತಿದ್ದರು. ಇಂದು ರಾತ್ರಿ ‘ಕೀಚಕವಧೆ’ ಎಂದು ಮೊದಲೇ ಸಾರಿರುತ್ತಿದ್ದರಿಂದ ಬರುವವರಿಗೆ ಏನು ಕಾದಿದೆಯೆಂದು ತಿಳಿದಿರುತ್ತಿತ್ತು.

ಇನ್ನೂ ಹಿಂದೆ ಹೋದರೆ ಮೂಡುಬಿದಿರೆಯ ರತ್ನಾಕರವರ್ಣಿ ಇದ್ದಾನೆ. ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿ ನಿಂತದ್ದು 1432ರಲ್ಲಿ. ಮುಂದಿನ ಶತಮಾನದಲ್ಲಿ ಈ ಕವಿ ‘ಭರತೇಶ ವೈಭವ’ ಬರೆದಾಗ ಭರತ ಬಾಹುಬಲಿ ಅಣ್ಣತಮ್ಮಂದಿರ ಕಾಳಗವನ್ನೇ ಕೈಬಿಟ್ಟು, ಭರತ ಮಾತಿನಿಂದಲೇ ತಮ್ಮನನ್ನು ಗೆಲ್ಲುವಂತೆ ಮಾಡಿದ. ಅಂತಃಪುರದ ಸುಖವನ್ನು ಮುಚ್ಚುಮರೆಯಿಲ್ಲದೆ ಹಾಡಿದ. ಪ್ರೀತಿಸಿದ ಪಾತ್ರಕ್ಕೆ ಪುರಾಣ ಕೊಡದಿದ್ದುದನ್ನು ಕೊಡುವ ಹಂಬಲ ನಮ್ಮ ಮಣ್ಣಿನಲ್ಲಿ ಆಗಲೇ ಇತ್ತು. ಹಾಗಾಗಿ ಇಂಥ ಬರಹ ಹೊರಗಿನಿಂದ ಬಂದ ರೋಗ ಎನ್ನುವವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆದರೆ ಮೊದಲೇ ಸಾರುವ ಆ ಪದ್ಧತಿಯನ್ನು ಮೊಬೈಲಿನ ಕನ್ನಡ ಕಥೆಗಳಲ್ಲಿ ನಾವು ಕೈಬಿಟ್ಟಿದ್ದೇವೆ. ಹೂವಿನಂಥ ಶೀರ್ಷಿಕೆ ನೋಡಿ ಧಾರಾವಾಹಿ ಕಥೆಯೊಂದನ್ನು ಹಿಡಿದಿದ್ದೆ. ಕೆಲವು ಕಂತು ಕಳೆದ ಮೇಲೆ ನಾಯಕ ಹೆಂಡತಿಯ ಮೇಲೆ ಕೈಮಾಡುತ್ತಾನೆ, ಬಲವಂತ ಮಾಡುತ್ತಾನೆ, ಕಥೆ ಅದನ್ನೇ ಪ್ರೀತಿ ಎನ್ನುತ್ತದೆ. ಮೇಲೆ ಒಂದು ಸಾಲಿನ ಸೂಚನೆಯೂ ಇರಲಿಲ್ಲ. ಅದೇ ಮಂಗಳೂರಿನ ಚಿತ್ರಮಂದಿರಕ್ಕೆ ಹೋದರೆ ಪರದೆಯ ಮೇಲೆ ಮೊದಲು ಪ್ರಮಾಣಪತ್ರ ಬರುತ್ತದೆ. ಮಕ್ಕಳಿಗೆ ಹೆತ್ತವರ ಮಾರ್ಗದರ್ಶನ ಬೇಕೆನ್ನುವ ಹಳೆಯ ಯು/ಎ ದರ್ಜೆ ಈಗ 7, 13, 16 ವರ್ಷ ಎಂದು ಒಡೆದಿದೆ, ಯಾರೂ ಅದನ್ನು ಅವಮಾನವೆಂದು ತಿಳಿದಿಲ್ಲ.

ಉಡುಪಿಯಲ್ಲಿ ಶಿಕ್ಷಕಿಯಾಗಿರುವ ಗೆಳತಿ ಇದಕ್ಕೊಂದು ಆಕ್ಷೇಪ ಎತ್ತಿದಳು. ಗುರುತು ಹಾಕಿದರೆ ಮಕ್ಕಳು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ ಎಂದಳು. ಕೆಲವರು ಹೋದಾರು, ಅದು ಸುಳ್ಳಲ್ಲ. ಗುರುತಿಲ್ಲದಿದ್ದರೆ ಹುಡುಕದ ಮಕ್ಕಳೂ ಅದರೊಳಗೆ ಬೀಳುತ್ತಾರೆ, ಅವರ ಸಂಖ್ಯೆ ಹೆಚ್ಚು ಎಂದು ನಾನು ಹೆದರುತ್ತೇನೆ. ಮಗು ಏನು ಓದುತ್ತಿದೆ ಎಂದು ನೋಡುವ ತಾಯಿಗೂ ಗುರುತಿದ್ದರೇ ಸುಲಭ. ಮಣಿಪಾಲದ ನನ್ನ ಹುಡುಗಿ ಈಗ ಕನ್ನಡದಲ್ಲಿ ತಾನೂ ಒಂದು ಕಥೆ ಬರೆಯುತ್ತಿದ್ದಾಳೆ. ಅದರ ತಲೆಯಲ್ಲಿ ಹೀಗೆ ಬರೆದಿದ್ದಾಳೆ: “ವಯಸ್ಕರಿಗೆ. ಯುದ್ಧದ ನೆನಪು, ಆತ್ಮಹತ್ಯೆಯ ಯೋಚನೆ, ಗಂಡಹೆಂಡಿರ ಸಲಿಗೆ ಇದೆ. ಮಕ್ಕಳ ಮೇಲೆ ಹಿಂಸೆ ಇಲ್ಲ. ಕೊನೆ ದುಃಖದ್ದಲ್ಲ.” ಇಷ್ಟು ಬರೆಯಲು ಎರಡು ನಿಮಿಷವೂ ಬೇಡ. ಅಕ್ಕ ಅದನ್ನು ಓದಿ, ಕಥೆ ಓದುವುದಿಲ್ಲ ಎಂದಳು. ಕಾಗುಣಿತ ಮಾತ್ರ ಬೇರೆ ಯಾರಿಂದಲಾದರೂ ತಿದ್ದಿಸಿಕೋ ಎಂದೂ ಹೇಳಿದಳು. ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ.