ಎರಡು ಕೆ.ಜಿ. ರಾಗಿ ಹಿಟ್ಟಿನ ಹಿಮಾಲಯ ಯಾತ್ರೆ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಎಲ್ಲರ ಬ್ಯಾಗೂ ನೆಟ್ಟಗೆ ಹೋಯಿತು, ನನ್ನದು ಮಾತ್ರ ಪಕ್ಕಕ್ಕೆ ಸರಿಯಿತು. ತಪಾಸಣೆಯ ಯುವಕ ಜಿಪ್ ಎಳೆದು, ಬೂದುಗೆಂಪು ಪುಡಿ ತುಂಬಿದ್ದ ದೊಡ್ಡ ಕವರೊಂದನ್ನು ಎರಡೇ ಬೆರಳಲ್ಲಿ ಎತ್ತಿದ.

"ಯೇ ಕ್ಯಾ ಹೈ?"

"ರಾಗಿ."

"ರಾಗ್?"

ಹಿಂದಿ ಪದ ಹೊಳೆಯದಿದ್ದಾಗ ಕನ್ನಡ ಪದಕ್ಕೇ ಒಂದು 'ಹೈ' ಅಂಟಿಸಿ ಬಿಡುವುದು ನನ್ನ ಹಳೇ ಚಾಳಿ. "ಯೇ ಹಮಾರಾ ಊಟ ಹೈ" ಅಂದೆ.

ಆತ ರಾಜಸ್ಥಾನದ ಕಡೆಯವನಿರಬೇಕು. "ಊಂಟ್?" ಅಂತ ಒಮ್ಮೆ ಪುಡಿಯನ್ನೂ ಒಮ್ಮೆ ನನ್ನನ್ನೂ ನೋಡಿದ. ಒಂಟೆಯೊಂದನ್ನು ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡಿ ಡೆಹ್ರಾಡೂನಿಗೆ ಸಾಗಿಸುತ್ತಿರುವ ಆಸಾಮಿಯನ್ನು ನೋಡುವ ನೋಟ. ಕವರಿನ ಮೇಲೆ ಪಟ್ಟಿಯೊಂದನ್ನು ಸವರಿ, ಯಂತ್ರಕ್ಕೆ ತೋರಿಸಿ, ಯಂತ್ರ ಸುಮ್ಮನಿದ್ದದ್ದಕ್ಕೆ ಅವನೂ ಸುಮ್ಮನಾದ. ಅಷ್ಟರಲ್ಲಿ ನಮ್ಮವಳು ನಾನು ಯಾರೋ ಅವಳು ಯಾರೋ ಅನ್ನುವ ಹಾಗೆ ಇಪ್ಪತ್ತು ಮಾರು ಮುಂದೆ ಹೋಗಿ ನಿಂತಿದ್ದಳು.

ಮದುವೆಯಾಗಿ 25 ವರ್ಷವಾಯಿತೆಂದು ಬೇರೆಯವರ ಮಕ್ಕಳು ಅಪ್ಪ ಅಮ್ಮನಿಗೆ ಉಂಗುರ ಕೊಡಿಸುತ್ತಾರೆ. ನಮ್ಮ ಮಗಳು ಹರ್ ಕಿ ದೂನ್ ಚಾರಣ ಕೊಡಿಸಿದಳು. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಮೂಲೆಯಲ್ಲಿ, ಸುಪಿನ್ ನದಿಯ ಜಾಡು ಹಿಡಿದು ಹಳ್ಳಿಯಿಂದ ಹಳ್ಳಿಗೆ ಹತ್ತಿ 11,700 ಅಡಿ ಎತ್ತರದ ಕಣಿವೆ ಮುಟ್ಟುವುದು. "ಗೈಡ್ ಇರ್ತಾನೆ, ಸಾಮಾನು ಹೊರೋಕೆ ಹೇಸರಗತ್ತೆ ಇರುತ್ತೆ, ನೀವು ಬರೀ ನಡೀಬೇಕು ಅಷ್ಟೇ ಅಪ್ಪ" ಅಂದಳು. ಆ 'ಅಷ್ಟೇ'ಯ ಉದ್ದ ಎಷ್ಟೆಂದು ಆಗ ಗೊತ್ತಿರಲಿಲ್ಲ.

ನಾನು ಮಂಡ್ಯ ಕಡೆಯವನು. ದಿನಕ್ಕೆ ಒಂದು ಹೊತ್ತಾದರೂ ಹಿಟ್ಟು ಬೀಳದಿದ್ದರೆ ಊಟ ಮಾಡಿದ ನೆನಪೇ ಉಳಿಯುವುದಿಲ್ಲ. ಆರೇಳು ದಿನ ಬರೀ ರೋಟಿ ತಿಂದು ಬೆಟ್ಟ ಹತ್ತುವುದೆಂದರೆ! ಒಬ್ಬರಿಗೆ ಹತ್ತು ಕೆ.ಜಿ. ಮಾತ್ರ ಎಂದು ಚೀಟಿಯಲ್ಲಿ ಬರೆದಿತ್ತು. ಮಗಳು ಮಡಿಸಿಟ್ಟಿದ್ದ ಮಳೆ ಕೋಟನ್ನೂ, "ಯಾವುದಕ್ಕೂ ಇರಲಿ" ಎಂದು ಇಟ್ಟಿದ್ದ ಎರಡನೇ ಜೊತೆ ಶೂವನ್ನೂ ರಾತ್ರೋರಾತ್ರಿ ಹೊರಗೆ ತೆಗೆದು, ಆ ಜಾಗದಲ್ಲಿ ಎರಡು ಕೆ.ಜಿ. ಹಿಟ್ಟು ಕೂರಿಸಿದೆ. ಕಾಲಿಗೆ ಹಾಕಿಕೊಂಡು ಹೊರಟಿದ್ದು ಎಂಟು ವರ್ಷ ಅಟ್ಟದ ಮೇಲೆ ಡಬ್ಬಿಯಲ್ಲೇ ತಪಸ್ಸು ಮಾಡಿದ್ದ ಶೂ. ಎರಡೇ ಸಲ ಹಾಕಿದ್ದು, ಹೊಸದರ ಹಾಗೇ ಹೊಳೆಯುತ್ತಿತ್ತು.

ಡೆಹ್ರಾಡೂನಿನಿಂದ ಸಂಕ್ರಿಗೆ ಜೀಪಿನಲ್ಲಿ ಹತ್ತು ಗಂಟೆ. ಮಸ್ಸೂರಿ, ಪುರೋಲಾ, ಮೋರಿ ಎಂದು ಹಾದಿಯಲ್ಲಿ ಊರುಗಳು ಬಂದವಂತೆ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದೆ ನಿಜ, ಆದರೆ ಊರು ನೋಡಲು ಅಲ್ಲ. ನೈಟ್ವಾರ್ ಹತ್ತಿರ "ರೂಪಿನ್, ಸುಪಿನ್ ಎರಡೂ ಸೇರಿ ಇಲ್ಲಿಂದ ಟೋನ್ಸ್ ನದಿ ಆಗುತ್ತೆ, ನೋಡಿ ನೋಡಿ" ಎಂದು ನಮ್ಮವಳು ಭುಜ ಅಲುಗಾಡಿಸಿದಳು. ನನ್ನ ಒಳಗೆ ಅದಕ್ಕಿಂತ ದೊಡ್ಡ ಸಂಗಮಗಳು ನಡೆಯುತ್ತಿದ್ದವು.

ಸಂಕ್ರಿಯಲ್ಲಿ ನಮ್ಮ ಗೈಡು ಸಿಕ್ಕ. ಆ ಕಣಿವೆಯ ಹುಡುಗನೇ, ಇಪ್ಪತ್ತಮೂರು ಇರಬಹುದು. ಹದಿನಾಲ್ಕು ಜನರ ತಂಡದಲ್ಲಿ ಐವತ್ತು ದಾಟಿದವರು ನಾವಿಬ್ಬರೇ ಎಂದು ತಿಳಿದ ಕೂಡಲೇ ನನ್ನನ್ನು 'ಅಂಕಲ್‌ಜೀ' ಮಾಡಿದ. ಎಲ್ಲರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸುತ್ತಾ ಬಂದ. ನಮ್ಮವಳದು 97. ನನ್ನದು 86. ಗುಂಪಿನಲ್ಲಿ ಗುಸುಗುಸು ಎದ್ದಿತು. ಚಳಿಗೆ ಬೆರಳು ಮರಗಟ್ಟಿದ್ದರಿಂದ ಹಾಗೆ, ಅಂಗೈ ಉಜ್ಜಿಕೊಳ್ಳಿ ಅಂದ. ಉಜ್ಜಿದೆ, 95 ಬಂತು. ಆದರೆ ಮರುಪರೀಕ್ಷೆಯ ಅಂಕಕ್ಕೆ ಮರ್ಯಾದೆ ಎಲ್ಲಿದೆ? ಮುಂದಿನ ಐದು ದಿನ, ನಾನು ಯಾವ ವಿಷಯಕ್ಕೆ ವಾದಕ್ಕಿಳಿದರೂ ಅವಳು "ನಂದು 97" ಅಂದು ಮುಗಿಸಿಬಿಡುತ್ತಿದ್ದಳು.

ಮರುದಿನ ತಾಲೂಕಾ ಎಂಬ ಹಳ್ಳಿಯ ತನಕ ಜೀಪು. (ಅದು ಊರಿನ ಹೆಸರೇ. ತಹಶೀಲ್ದಾರ್ ಕಚೇರಿ ಎಲ್ಲಿದೆ ಅಂತ ಕೇಳಿದ್ದು ನನ್ನ ತಪ್ಪು.) ಅಲ್ಲಿಂದ ಒಸ್ಲಾಕ್ಕೆ ನಡಿಗೆ. ಮೊದಲ ಎರಡು ಗಂಟೆ ಸ್ವರ್ಗ. ದೇವದಾರು, ಅಕ್ರೋಟು ಮರ, ಪಕ್ಕದಲ್ಲೇ ಹಾಲು ಉಕ್ಕಿದ ಹಾಗೆ ನದಿ, ಇಳಿಜಾರಿನ ಹೊಲಗಳಲ್ಲಿ ಕುಂಕುಮ ಚೆಲ್ಲಿದಂತೆ ದಂಟಿನ ತೆನೆ. ಅದರ ಕಾಳಿಗೇ ನಾವು ರಾಜಗಿರಾ ಅನ್ನುವುದು. "ನೋಡೇ, ಎಷ್ಟು ಹಗುರವಾಗಿ ನಡೀತಿದೀನಿ" ಅಂದೆ. ಹಗುರವಾಗಲು ಕಾರಣವಿತ್ತು. ಎಡ ಶೂವಿನ ಅಟ್ಟೆ ನೂರು ಅಡಿ ಹಿಂದೆ, ಕಲ್ಲೊಂದರ ಮೇಲೆ, ನಾಲಿಗೆ ಚಾಚಿ ಮಲಗಿತ್ತು.

ಹಾಕದೆ ಇಟ್ಟರೆ ಅಟ್ಟೆಯೊಳಗಿನ ಮೆತ್ತೆ ಗಾಳಿಯ ತೇವಕ್ಕೇ ಪುಡಿಪುಡಿಯಾಗುತ್ತದಂತೆ. ತಂಡದ ಪುಣೆಯ ಇಂಜಿನಿಯರ್ ಹುಡುಗನೊಬ್ಬ ಇದನ್ನು ರಸಾಯನಶಾಸ್ತ್ರದ ಸಮೇತ ವಿವರಿಸಿದ. ಅವನ ವಿವರಣೆ ಮುಗಿಯುವ ಹೊತ್ತಿಗೆ ಬಲ ಶೂವೂ ಒಪ್ಪಿಗೆ ಸೂಚಿಸಿ ಬಾಯಿ ಬಿಟ್ಟಿತು. "ಅಂಕಲ್‌ಜೀ, ದೂಸರಾ ಜೂತಾ?" ಎಂದ ಗೈಡು. ನಮ್ಮವಳು ನನ್ನ ಮುಖವನ್ನೇ ನೋಡಿದಳು. ಎರಡನೇ ಶೂ ಬೆಂಗಳೂರಿನ ಮಂಚದ ಕೆಳಗಿದೆ, ಅದರ ಜಾಗದಲ್ಲಿ ಹಿಟ್ಟಿದೆ ಎಂದು ಹಿಂದಿಯಲ್ಲಿ ಹೇಳುವಷ್ಟು ಶಕ್ತಿ ಇರಲಿಲ್ಲ. ಗೈಡು ಹಿಟ್ಟಿನ ಕವರಿಗೆ ಸುತ್ತಿದ್ದ ನೈಲಾನ್ ಹಗ್ಗ ಬಿಚ್ಚಿ ನನ್ನ ಎರಡೂ ಪಾದಗಳನ್ನು ಹೂಕೋಸಿನ ಮೂಟೆಯಂತೆ ಬಿಗಿದ. ಹವಾಯಿ ಚಪ್ಪಲಿ ಹಾಕಿ ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬಳು ನಮ್ಮನ್ನು ದಾಟಿಕೊಂಡು ಹೋದಳು. ಅರ್ಧ ಗಂಟೆಯ ಮೇಲೆ ಹೊರೆ ಇಳಿಸಿ ವಾಪಸ್ ಬರುವಾಗಲೂ ನಾವು ಅವಳಿಗೆ ಅಲ್ಲೇ ಸಿಕ್ಕೆವು.

ಗಂಗಾಡ್ ಹಳ್ಳಿ ದಾಟಿದ ಮೇಲೆ ಗೈಡು ನನ್ನನ್ನು ಹುರಿದುಂಬಿಸಲು ಹೇಳಿದ: "ಆಜ್ ರಾತ್ ಒಸ್ಲಾ ಮೇ ಬಾಡಿ ಖಿಲಾಯೇಂಗೆ."

ನನ್ನ ಕಿವಿ ನೆಟ್ಟಗಾಯಿತು. ಬಾಡು! ಸುಪಿನ್ ನದಿಯ ದಂಡೆಯಲ್ಲೂ ನಮ್ಮ ಮಾತು ಬಳಕೆಯಲ್ಲಿದೆ! ನಮ್ಮವಳ ಮುಖ ಗಂಟಿಕ್ಕಿತು. "ನವರಾತ್ರಿ ಕಣ್ರೀ. ಹಬ್ಬದಲ್ಲಿ ಬಾಡೂಟ ಅಂತೆ, ನಾಚ್ಕೆ ಆಗಲ್ವ?" ಅಂದಳು. ಪುಣೆಯ ಹುಡುಗನಿಗೆ ಕೇಳಿಸಿದ್ದು ಇಂಗ್ಲಿಷಿನ ಬಾಡಿ. ಅವನು ಯಾರ ಬಾಡಿ ಎಂದು ಕೇಳುವ ಧೈರ್ಯವಿಲ್ಲದೆ, ತಂಡದಲ್ಲಿ ಎಲ್ಲರಿಗಿಂತ ಹಿಂದೆ ಕುಂಟುತ್ತಿದ್ದ ನನ್ನ ಕಡೆ ಕನಿಕರದಿಂದ ನೋಡಿದ.

ಒಸ್ಲಾದ ಮನೆಗಳು ಕಲ್ಲು ಮತ್ತು ಮರದವು. ಕೆಳಗೆ ದನ ಕುರಿ, ಮೇಲೆ ಮನುಷ್ಯರು. ಬೆಚ್ಚಗಿರಲೆಂದು ಬಾಗಿಲನ್ನು ಗಿಡ್ಡ ಇಟ್ಟಿರುತ್ತಾರೆ. ನಾನು ಮೂರು ಸಲ ಹಣೆ ಬಡಿಸಿಕೊಂಡೆ. ಮೂರನೆಯದು, ಎರಡನೇ ಸಲ ಹೇಗೆ ಬಡಿಯಿತೆಂದು ತೋರಿಸಲು ಹೋಗಿ. ಊರ ಮಧ್ಯೆ ಕೆತ್ತನೆಯ ಮರದ ಗುಡಿಯಿದೆ. ಚಾರಣಿಗರೆಲ್ಲ ಅದನ್ನು ದುರ್ಯೋಧನನ ಗುಡಿ ಅನ್ನುತ್ತಾರೆ, ಊರವರು ಮಾತ್ರ ಸೋಮೇಶ್ವರ ಅನ್ನುತ್ತಾರೆ. "ದುರ್ಯೋಧನನಿಗೆ ಗುಡಿಯೇ?" ಎಂದು ತಂಡದವರೆಲ್ಲ ಬೆರಗಾದರು, ನನಗೇನೂ ಅನ್ನಿಸಲಿಲ್ಲ. ನಮ್ಮೂರ ಪೌರಾಣಿಕ ನಾಟಕದಲ್ಲಿ ಪಾತ್ರಕ್ಕೆ ದುಡ್ಡು ಕಟ್ಟಬೇಕು, ಎಲ್ಲಕ್ಕಿಂತ ದುಬಾರಿ ದುರ್ಯೋಧನನದೇ. ನಮ್ಮ ದೊಡ್ಡಪ್ಪ ಅದಕ್ಕಾಗಿ ಒಂದು ಜೊತೆ ಎತ್ತು ಮಾರಿದ್ದ. ಧರ್ಮರಾಯನಾಗಲು ಒಂದು ಕುರಿ ಮಾರಿದ್ದರೆ ಸಾಕಿತ್ತು.

ಬೆಂಕಿ ಸುತ್ತ ಕೂತಾಗ ನಾನು ಗಂಭೀರವಾಗಿ ಕವರು ಹೊರತೆಗೆದೆ. ನಮ್ಮ ಕಡೆಯ ಅಪರೂಪದ ಧಾನ್ಯ, ಇಂದು ಎಲ್ಲರಿಗೂ ಉಣ್ಣಿಸುತ್ತೇನೆ, ಗೈಡಪ್ಪಾ ನೀನೇ ಮನೆಯಾಕೆಗೆ ಹೇಳು ಎಂದೆ. ಆಕೆ ಒಂದು ಚಿಟಿಕೆ ತೆಗೆದು ಮೂಸಿ, ನಾಲಿಗೆಗೆ ಇಟ್ಟುಕೊಂಡು, ಸೆರಗು ಬಾಯಿಗಿಟ್ಟು ನಗಲು ಶುರುಮಾಡಿದಳು. ಎದ್ದು ಹೋಗಿ ಮೂಲೆಯ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗೆ, ಅಂಚಿನ ತನಕ, ರಾಗಿ ಹಿಟ್ಟು.

"ಮಂಡುಆ" ಅಂದ ಗೈಡು. "ನಮ್ಮ ಮಾತಲ್ಲಿ ಕೋದಾ. ಹಳ್ಳದ ನೀರು ತಿರುಗಿಸೋ ಗರಾಟಲ್ಲಿ ಬೀಸಿಸ್ತೀವಿ. ಅದರದ್ದೇ ಬಾಡಿ, ಇವತ್ತು ಮಾಡೋದು."

ಎರಡು ಸಾವಿರ ಕಿ.ಮೀ.ಗೂ ಹೆಚ್ಚು ದೂರದಿಂದ, ಶೂ ಬಿಟ್ಟು, ಮಳೆ ಕೋಟು ಬಿಟ್ಟು, ಒಂಟೆ ಸಾಗಣೆದಾರ ಅನ್ನಿಸಿಕೊಂಡು, ರಾಗಿ ಊರಿಗೆ ನಾನು ರಾಗಿ ಹೊತ್ತು ತಂದಿದ್ದೆ. ಕರಾವಳಿಗೆ ಯಾರಾದರೂ ಉಪ್ಪು ಹೊತ್ತಿದ್ದರೆ ಅವರಿಗೆ ನನ್ನ ನಮಸ್ಕಾರ.

ಆದರೂ ಸೋಲಬಾರದಲ್ಲ. ಮುದ್ದೆ ಹೇಗೆ ಮಾಡುವುದೆಂದು ತೋರಿಸಿಯೇ ಸಿದ್ಧ ಎಂದೆ. "ನೀವೇ ತೊಳಸಿ, ನಾನು ಕೂತ್ಕೊಂಡು ನೋಡ್ತೀನಿ" ಎಂದಳು ನಮ್ಮವಳು. 25 ವರ್ಷದಲ್ಲಿ ನಾನು ಮುದ್ದೆ ಮುರಿದಿದ್ದೇನೆಯೇ ಹೊರತು ಮುದ್ದೆ ಕೋಲು ಮುಟ್ಟಿದವನಲ್ಲ. ಎಸರು ಕೊತಕೊತ ಅಂದಿತು, ಹಿಟ್ಟು ಸುರಿದೆ, ತೊಳಸಿದೆ. ಬಂದದ್ದು ಗಂಟು. ಗಂಟಿನ ಒಳಗೆ ಹಸಿ ಹಿಟ್ಟು. ಅದರೊಳಗೆ ಇನ್ನೊಂದು ಗಂಟು. "ಇದು 8,400 ಅಡಿ. ಇಲ್ಲಿ ನೀರು 91 ಡಿಗ್ರಿಗೇ ಕುದಿಯುತ್ತೆ, 100ಕ್ಕೆ ಹೋಗೋದೇ ಇಲ್ಲ. ನನ್ನ ತಪ್ಪಲ್ಲ, ವಾಯುಭಾರದ ತಪ್ಪು" ಎಂದು ವಾದಿಸಿದೆ. ಪುಣೆಯ ಹುಡುಗ ಹೌದು ಎಂದು ತಲೆಯಾಡಿಸಿದ. ಅದೇ ಒಲೆ, ಅದೇ 91 ಡಿಗ್ರಿಯ ನೀರಿನಲ್ಲಿ ಮನೆಯಾಕೆ ಹತ್ತು ನಿಮಿಷಕ್ಕೆ ಒಂದೇ ಒಂದು ಗಂಟಿಲ್ಲದ ಬಾಡಿ ತಿರುವಿ, ನಡುವೆ ಕುಳಿ ಮಾಡಿ ತುಪ್ಪ ಬಿಟ್ಟಳು. ಪಕ್ಕಕ್ಕೆ ಗಹತ್ ಎಂಬ ಕಾಳಿನ ಸಾರು. ಬಾಯಿಗಿಟ್ಟರೆ ಹುರುಳಿ! ಮುದ್ದೆ, ಹುರುಳಿ ಸಾರು. ನಮ್ಮವಳು ಎರಡನೇ ಸಲ ಬಡಿಸಿಕೊಳ್ಳುತ್ತಾ, "ನಿಮ್ಮಮ್ಮ ಮಾಡಿದ ಹಾಗೇ ಇದೆ ಅಲ್ವಾ?" ಅಂದಳು. ನನ್ನ ಗಂಟುಗಳನ್ನು ಹೊರಗಿದ್ದ ಭೋಟಿಯಾ ನಾಯಿಗೆ ಹಾಕಿದರು. ಚಿರತೆಗೆ ಹೆದರದ ನಾಯಿ, ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ. ಅದು ಮೂಸಿ ನೋಡಿ ಎರಡು ಹೆಜ್ಜೆ ಹಿಂದೆ ಸರಿಯಿತು.

ಮನೆಯ ಮುದುಕ ಅಷ್ಟು ಹೊತ್ತು ಸುಮ್ಮನಿದ್ದವನು ಯಾವ ಊರು ಎಂದು ಕೇಳಿದ. ಕರ್ನಾಟಕ ಎಂದೆ. "ದೇವೇಗೌಡ್!" ಎಂದು ಕೈ ಎತ್ತಿದ. ಪ್ರತ್ಯೇಕ ರಾಜ್ಯದ ಚಳವಳಿಯಲ್ಲಿ ಇಲ್ಲಿಯ ಬೆಟ್ಟದವರು ಕೂಗಿದ್ದು 'ಕೋದಾ ಝಂಗೋರಾ ಖಾಯೇಂಗೆ, ಉತ್ತರಾಖಂಡ್ ಬನಾಯೇಂಗೆ' ಎಂದು. ರಾಗಿ, ಊದಲು ತಿಂದಾದರೂ ರಾಜ್ಯ ಕಟ್ಟುತ್ತೇವೆ ಅಂತ. 1996ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲೆ ನಿಂತು ಆ ರಾಜ್ಯ ಕೊಡುತ್ತೇವೆಂದು ಮೊದಲು ಘೋಷಿಸಿದ ಪ್ರಧಾನಿ ನಮ್ಮ ಹಾಸನದ ಗೌಡರು. ರಾಗಿ ತಿನ್ನುವವರ ಕಷ್ಟ ರಾಗಿ ತಿನ್ನುವವರಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು! ಗೌಡರ ಲೆಕ್ಕದಲ್ಲಿ ನನಗೆ ಇನ್ನೊಂದು ಚಮಚ ತುಪ್ಪ ಬಿತ್ತು.

ಮುಂದಿನ ಕಥೆ ಬೇಗ ಹೇಳಿಬಿಡುತ್ತೇನೆ. ಮನೆಯ ಹುಡುಗ ತನ್ನ ಗಂಬೂಟು ಕೊಟ್ಟ. ಅರ್ಧ ಇಂಚು ಚಿಕ್ಕದು. ಹರ್ ಕಿ ದೂನ್ ಕಣಿವೆಯನ್ನು ನಾನು ಮುಟ್ಟಿದ್ದು ಗಂಬೂಟಿನಲ್ಲಿ, ಕಾಲ್ಬೆರಳುಗಳನ್ನು ಮುಷ್ಟಿ ಕಟ್ಟಿಕೊಂಡು. ಗುಡಾರದ ಶೌಚಾಲಯದ ಬಗ್ಗೆ ಬರೆಯುವಷ್ಟು ಸಲುಗೆ ನನಗೂ ಓದುಗರಿಗೂ ಇನ್ನೂ ಬೆಳೆದಿಲ್ಲ. ಅದರ ಜಿಪ್ಪು ಒಳಗಿನಿಂದ ಸಿಕ್ಕಿಕೊಂಡಿತ್ತು ಅಂತಷ್ಟೇ ಹೇಳಬಲ್ಲೆ.

ಎದುರಿಗೆ 6,252 ಮೀಟರ್ ಎತ್ತರದ ಸ್ವರ್ಗಾರೋಹಿಣಿ, ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಪಾಂಡವರು ಸ್ವರ್ಗಕ್ಕೆ ಹೊರಟಿದ್ದು ಇದೇ ದಾರಿಯಲ್ಲಿ, ಒಬ್ಬೊಬ್ಬರೇ ಬಿದ್ದರು, ಕೊನೆಗೆ ಧರ್ಮರಾಯ ಮತ್ತು ನಾಯಿ ಮಾತ್ರ ಉಳಿದರು ಎಂದು ಗೈಡು ಹೇಳುತ್ತಿದ್ದ. "ಭೀಮ ಯಾಕೆ ಬಿದ್ದ?" ಎಂದಳು ನಮ್ಮವಳು. "ಊಟ ಜಾಸ್ತಿ ಮಾಡ್ತಿದ್ದ ಅಂತ." ಅವಳು ಏನೂ ಹೇಳಲಿಲ್ಲ. ನನ್ನ ಗಂಬೂಟು ನೋಡಿದಳು, ಹೊಟ್ಟೆ ನೋಡಿದಳು, ಪರ್ವತದ ಕಡೆ ತಿರುಗಿಕೊಂಡಳು. ಒಸ್ಲಾದ ನಾಯಿ ಮಾತ್ರ ಅಲ್ಲಿಯತನಕ ನನ್ನ ಹಿಂದೆಯೇ ಬಂದಿತ್ತು. ನನ್ನ ಜೇಬಿನಲ್ಲಿ ನಿಪ್ಪಟ್ಟಿತ್ತು. ಧರ್ಮರಾಯನ ವಿಷಯದಲ್ಲೂ ಇದನ್ನು ಯಾರಾದರೂ ಪರಿಶೀಲಿಸಿದ್ದಾರೋ ಏನೋ.

ಇಳಿದು ಬರುವಾಗ ಉಳಿದ ಹಿಟ್ಟನ್ನೆಲ್ಲ ಒಸ್ಲಾದ ಮನೆಗೇ ಕೊಟ್ಟೆವು. ಆಕೆ ನಮ್ಮನ್ನು ಬರಿಗೈಯಲ್ಲಿ ಕಳಿಸುವವಳಲ್ಲ. ಒಂದಿಷ್ಟು ರಾಜ್ಮಾ, ಜೊತೆಗೆ ಎರಡು ಕೆ.ಜಿ. ಗರಾಟಿನ ಮಂಡುಆ ಹಿಟ್ಟು ಕಟ್ಟಿಕೊಟ್ಟಳು. ತಾಲೂಕಾದ ತನಕ ಜೊತೆಗೆ ಬಂದ ಹುಡುಗ ಗಂಬೂಟು ವಾಪಸ್ ಪಡೆದ. ಸಂಕ್ರಿಯಲ್ಲಿ ಕೊಂಡ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ನಾನು ಡೆಹ್ರಾಡೂನಿನ ವಿಮಾನ ನಿಲ್ದಾಣ ತಲುಪಿದೆ. ಬ್ಯಾಗು ಪಕ್ಕಕ್ಕೆ ಸರಿಯಿತು.

"ಯೇ ಕ್ಯಾ ಹೈ?"

"ಮಂಡುಆ."

ಆ ಸಿಬ್ಬಂದಿಯ ಮುಖವೇ ಅರಳಿತು. ಯಾವ ಹಳ್ಳಿಯದು, ಗರಾಟಿನದೋ ಮಿಲ್ಲಿನದೋ ಎಂದೆಲ್ಲ ವಿಚಾರಿಸಿ, ಜಿಪ್ಪನ್ನು ತಾನೇ ಎಳೆದು, "ಲೇ ಜಾಯಿಯೇ ಅಂಕಲ್‌ಜೀ" ಅಂದ.

ಬೆಂಗಳೂರಿನ ಮನೆಯಲ್ಲಿ ಮಗಳು ಬ್ಯಾಗು ಬಿಚ್ಚಿದಳು. ಕವರು ನೋಡಿ ತಲೆ ಚಚ್ಚಿಕೊಂಡಳು. "ಅಪ್ಪಾ! ಶೂ ಬಿಟ್ಟು ಹಿಟ್ಟು ತಗೊಂಡ್ ಹೋಗಿ, ಹಂಗೇ ವಾಪಸ್ ಹೊತ್ಕೊಂಡ್ ಬಂದಿದೀರಲ್ಲ!"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವಳಮ್ಮನ ದನಿ ಬಂತು. "ಎಸರಿಗಿಡು ಮಗಾ. ಇಲ್ಲಿ ನೀರು ಸರಿಯಾಗಿ ಕುದಿಯುತ್ತಲ್ಲ, ನಿಮ್ಮಪ್ಪನೇ ತೊಳಸ್ತಾರೆ."